ಬೀದಿ ಬದಿಯ ಕಾಡು: ಹೂಮಳೆ ಬಿದ್ದ ವಾರವೇ ಅರ್ಜಿ ಕೊಡಿ

ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಕೊಡಗಿನಲ್ಲಿ ಹಸಿರು ಹೇಗೆ ಏರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಹದಿನೈದು ದಿನ ಮಗಳ ಮನೆಗೆ ಹೋಗಿ ಬಂದರೆ ಸಾಕು, ಗೇಟಿನ ಮುಂದಿನ ಚರಂಡಿ ಎಲ್ಲಿದೆ ಅಂತ ಕೊಡೆಯ ತುದಿಯಿಂದ ತಡಕಬೇಕು. ನಾವು ಇದಕ್ಕೆ ಕಳೆ ಅನ್ನುವುದಕ್ಕಿಂತ ಕಾಡು ಅನ್ನುವುದೇ ಜಾಸ್ತಿ. ತೋಟದಲ್ಲಿ ಕಾಡು ಕಡಿಸುತ್ತೇವೆ. ಬೀದಿಯಲ್ಲಿ ಕಾಡು ಬೆಳೆದಿದೆ ಅಂತ ಬೈಯುತ್ತೇವೆ. ತೋಟದ ಕಾಡನ್ನು ಯಾರು ಕಡಿಸಬೇಕು ಅನ್ನುವುದರಲ್ಲಿ ಯಾರಿಗೂ ಅನುಮಾನ ಇಲ್ಲ. ಬೀದಿಯದ್ದನ್ನು?

ನಮ್ಮ ಪಟ್ಟಣ ಯಾವುದು ಅಂತ ಹೇಳುವುದಿಲ್ಲ, ಜಿಲ್ಲೆಯ ಒಳಗೇ ಇದೆ. ನಮ್ಮ ಬೀದಿಯ ಕಾಡು ಕಡಿಸಿ ಅಂತ ಪಟ್ಟಣದ ಕಚೇರಿಗೆ ಎರಡು ವರ್ಷ ಅರ್ಜಿ ಹಾಕಿ ಏನೂ ಆಗಲಿಲ್ಲ. ಮೂರನೇ ವರ್ಷ ಆಯಿತು. ಮಧ್ಯೆ ಕಚೇರಿಯವರೇನೂ ಬದಲಾಗಿರಲಿಲ್ಲ, ನಾನು ಅರ್ಜಿ ಬರೆಯುವ ರೀತಿ ಬದಲಾಗಿತ್ತು ಅಷ್ಟೇ. ಆ ಎರಡು ವರ್ಷ ನೀವು ಕಳೆಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಇದು ಉಪಕಾರವಲ್ಲ

ಕಚೇರಿಗೆ ಹೋಗುವಾಗ ನಮ್ಮಲ್ಲಿ ಬಹಳ ಜನ "ಸ್ವಲ್ಪ ದಯವಿಟ್ಟು" ಅನ್ನುವ ಮುಖ ಹಾಕಿಕೊಂಡು ಹೋಗುತ್ತಾರೆ. ಬೇಕಾಗಿಲ್ಲ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಕಲಂ 87 ಓದಿ. ಪುರಸಭೆ ಕಡ್ಡಾಯವಾಗಿ ಮಾಡಲೇಬೇಕಾದ ಕೆಲಸಗಳು ಅಲ್ಲಿವೆ. ಸಾರ್ವಜನಿಕ ಬೀದಿ ಮತ್ತು ಚರಂಡಿ ಶುಚಿ ಮಾಡುವುದು, ಹಾನಿಕರ ಗಿಡಗಂಟಿ ತೆಗೆಯುವುದು, ಜನರಿಗೆ ತೊಂದರೆ ಕೊಡುವ ಗಲೀಜನ್ನು ನಿವಾರಿಸುವುದು, ಮೂರೂ ಅದರಲ್ಲಿ ಸೇರಿವೆ. ಪುರಸಭೆಗೆ ಮನಸ್ಸಿದ್ದರೆ, ಹಣವಿದ್ದರೆ ಮಾಡಬಹುದಾದ ಕೆಲಸಗಳನ್ನು ಕಾಯ್ದೆ ಬೇರೆ ಕಡೆ ಹೇಳುತ್ತದೆ. ಕಳೆ ಆ ಬೇರೆ ಪಟ್ಟಿಯಲ್ಲಿಲ್ಲ. ಈ ವ್ಯತ್ಯಾಸ ಒಂದು ಗೊತ್ತಿದ್ದರೆ ಮಾತಾಡುವ ಧಾಟಿಯೇ ಬೇರೆಯಾಗುತ್ತದೆ.

ಹಾಗಂತ ಜೋರು ಮಾಡಲು ಹೋಗಬೇಡಿ. ರಾಜ್ಯದಲ್ಲಿ ಏಳುನೂರು ಜನರಿಗೆ ಒಬ್ಬ ಪೌರಕಾರ್ಮಿಕರು ಅನ್ನುವ ಲೆಕ್ಕ ಇದೆ. 2011ರ ಜನಗಣತಿಯಲ್ಲಿ ಮಡಿಕೇರಿ ನಗರದ ಜನಸಂಖ್ಯೆ 33,381. ಭಾಗಿಸಿ ನೋಡಿ, ಐವತ್ತು ಜನವೂ ಬರುವುದಿಲ್ಲ. ಶನಿವಾರ ಭಾನುವಾರ ರಾಜಾಸೀಟ್ ಕಡೆ ಬರುವ ಪ್ರವಾಸಿಗರು ಈ ಲೆಕ್ಕದಲ್ಲಿ ಇಲ್ಲ, ಅವರ ನೀರಿನ ಬಾಟಲಿಗಳೂ ಇಲ್ಲ. ಇರುವಷ್ಟು ಕೈಗಳು ಯಾವ ಬೀದಿಗೆ ಮೊದಲು ಹೋಗುತ್ತವೆ ಅನ್ನುವುದು ಯಾರ ಅರ್ಜಿ ಕೆಲಸ ಮಾಡುವಂತಿದೆ ಅನ್ನುವುದರ ಮೇಲೂ ನಿಂತಿದೆ.

ಹೆಜ್ಜೆ ಒಂದು: ಅದು ಯಾರ ಜಾಗ ಅಂತ ತಿಳಿದುಕೊಳ್ಳಿ

ನನ್ನ ಮೊದಲ ವರ್ಷ ಹಾಳಾದದ್ದು ಇಲ್ಲೇ. ನಾನು ದೂರು ಕೊಟ್ಟ ಜಾಗದ ಅರ್ಧ ಭಾಗ ಪಟ್ಟಣದ್ದೇ ಆಗಿರಲಿಲ್ಲ, ಲೋಕೋಪಯೋಗಿ ಇಲಾಖೆಯ ರಸ್ತೆಯ ಅಂಚು. ಅರ್ಜಿ ಆ ಮೇಜಿನಿಂದ ಈ ಮೇಜಿಗೆ ಹೋಗಿ ಎಲ್ಲೋ ಮಲಗಿತು.

ಹಾಗಾಗಿ ಪೆನ್ನು ಹಿಡಿಯುವ ಮೊದಲು ಒಂದು ಬೆಳಿಗ್ಗೆ ಬೀದಿಯ ಉದ್ದಕ್ಕೂ ನಡೆಯಿರಿ. ಮಡಿಕೇರಿ ಆದರೆ ನಗರಸಭೆ, ಅಲ್ಲಿ ಅರ್ಜಿ ಪೌರಾಯುಕ್ತರ ಹೆಸರಿಗೆ. ವಿರಾಜಪೇಟೆ, ಕುಶಾಲನಗರ ಪುರಸಭೆಗಳು, ಸೋಮವಾರಪೇಟೆ ಪಟ್ಟಣ ಪಂಚಾಯಿತಿ. ಈ ಮೂರರಲ್ಲೂ ಮುಖ್ಯಾಧಿಕಾರಿಗಳ ಹೆಸರಿಗೆ. ನಾಪೋಕ್ಲು, ಸಿದ್ದಾಪುರದಂಥ ಕಡೆ ಗ್ರಾಮ ಪಂಚಾಯಿತಿ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಪಿ.ಡಿ.ಒ. ಅಲ್ಲಿಗೆ ಅನ್ವಯವಾಗುವುದು 1993ರ ಪಂಚಾಯತ್ ರಾಜ್ ಕಾಯ್ದೆ. ಕಾಯ್ದೆ ಬೇರೆ, ಉಳಿದ ದಾರಿ ಹೆಚ್ಚುಕಡಿಮೆ ಇದೇ.

ಪಟ್ಟಣದ ಒಳಗೇ ಇದ್ದರೂ ಎಲ್ಲ ರಸ್ತೆಯೂ ಪಟ್ಟಣದ್ದಲ್ಲ. ಕುಶಾಲನಗರದಿಂದ ಮಡಿಕೇರಿ ದಾಟಿ ಸಂಪಾಜೆಗೆ ಇಳಿಯುವುದು ರಾಷ್ಟ್ರೀಯ ಹೆದ್ದಾರಿ 275. ಅದರ ಅಂಚಿನ ಕಾಡು ಹೆದ್ದಾರಿ ವಿಭಾಗದವರದ್ದು. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಕೊಂಬೆ ವಿದ್ಯುತ್ ತಂತಿಗೆ ತಾಗಿದ್ದರೆ ವಿದ್ಯುತ್ ಕಂಪನಿ ಸೆಸ್ಕ್‌ಗೆ ಹೇಳಿ, ಸಹಾಯವಾಣಿ 1912. ಪಟ್ಟಣದವರು ಆ ತಂತಿಯ ಹತ್ತಿರ ಕೈ ಹಾಕುವುದಿಲ್ಲ, ಹಾಕಲೂಬಾರದು. ತೋಟದ ಬೇಲಿ ರಸ್ತೆಗೆ ಬಾಗಿದ್ದರೆ ತೋಟದವರೇ ಸವರಬೇಕು. ದಾಸವಾಳದ ಬೇಲಿ ನಿಮ್ಮದೇ ಆಗಿದ್ದರೆ, ಅರ್ಜಿ ಹಾಕುವ ಮೊದಲು ಕತ್ತಿ ಹಿಡಿಯಿರಿ. ದೂರು ಕೊಟ್ಟವರ ಬೇಲಿಯನ್ನೇ ಮೊದಲು ತೋರಿಸುವ ಮೇಸ್ತ್ರಿಗಳು ಇದ್ದಾರೆ.

ಇನ್ನು ಖಾಲಿ ಸೈಟು. ಇದೇ ಎಲ್ಲಕ್ಕಿಂತ ದೊಡ್ಡ ತಲೆನೋವು, ಅಲ್ವಾ? ಮಾಲೀಕರು ಬೆಂಗಳೂರಿನಲ್ಲೋ ದುಬೈಯಲ್ಲೋ ಇರುತ್ತಾರೆ. ಸೈಟಿನ ತುಂಬ ಲಾಂಟಾನಾ, ಅದರ ಮೇಲೆ ಬಳ್ಳಿ, ಅದರ ಒಳಗೆ ಯಾರೋ ರಾತ್ರಿ ಎಸೆದ ಕಸದ ಚೀಲ. ಖಾಸಗಿ ಜಾಗವನ್ನು ಚೊಕ್ಕಟವಾಗಿ ಇಟ್ಟುಕೊಳ್ಳುವ ಹೊಣೆ ಮಾಲೀಕರದ್ದು. ಪಟ್ಟಣದ ಹೊಣೆ ಅವರಿಗೆ ನೋಟಿಸು ಕೊಟ್ಟು ಮಾಡಿಸುವುದು, ಮಾಡದಿದ್ದರೆ ತಾನೇ ಮಾಡಿಸಿ ಖರ್ಚು ವಸೂಲು ಮಾಡುವುದು. ಅಂದರೆ ಇಲ್ಲಿ ನೀವು ಕೇಳಬೇಕಾದ್ದು "ಸೈಟು ಕ್ಲೀನ್ ಮಾಡಿ" ಅಂತಲ್ಲ, "ಮಾಲೀಕರಿಗೆ ನೋಟಿಸು ಕೊಡಿ" ಅಂತ. ಮಾಲೀಕರ ಹೆಸರು ನಿಮಗೆ ಗೊತ್ತಿಲ್ಲದಿದ್ದರೂ ಚಿಂತೆ ಇಲ್ಲ. ಅಕ್ಕಪಕ್ಕದ ಎರಡು ಮನೆಗಳ ಆಸ್ತಿ ಸಂಖ್ಯೆ ಬರೆಯಿರಿ. ಕಂದಾಯ ವಿಭಾಗದವರು ಕಂಪ್ಯೂಟರಿನ ಇ-ಆಸ್ತಿ ದಾಖಲೆಯಲ್ಲೋ ಹಳೆಯ ಖಾತೆ ಪುಸ್ತಕದಲ್ಲೋ ಮಧ್ಯದ ಸೈಟು ಯಾರದ್ದು ಅಂತ ಹುಡುಕಬಹುದು.

ನಮ್ಮ ಪಕ್ಕದ ಸೈಟಿನವರ ಮನೆಗೆ ನೋಟಿಸು ಹೋದ ಮೂರನೇ ದಿನ ಫೋನು ಬಂತು. "ಅಕ್ಕಾ, ನೀವು ನಂಗೆ ಒಂದು ಮಾತು ಹೇಳಬಹುದಿತ್ತಲ್ಲ" ಅಂದರು. ನಿಜ, ಹೇಳಬಹುದಿತ್ತು. ನಂಬರ್ ಸಿಕ್ಕಿದರೆ ಮೊದಲು ಫೋನು ಮಾಡಿ, ಆಮೇಲೆ ನೋಟಿಸು. ಅವರು ಆ ವರ್ಷದಿಂದ ಪ್ರತಿ ಸಲ ಇಬ್ಬರು ಆಳುಗಳ ಕೂಲಿ ಕಳಿಸುತ್ತಾರೆ, ಜೊತೆಗೆ ನನ್ನ ಆರೋಗ್ಯವನ್ನೂ ವಿಚಾರಿಸುತ್ತಾರೆ.

ಹೆಜ್ಜೆ ಎರಡು: ತಿಂಗಳು ನೋಡಿ

ಜುಲೈಯಲ್ಲಿ ಕೊಟ್ಟ ಅರ್ಜಿಗೆ ಬೆಲೆ ಇಲ್ಲ. ಆಗ ಎಲ್ಲರೂ ಮರ ಬಿದ್ದದ್ದು, ಬರೆ (ರಸ್ತೆ ಬದಿಯ ಮಣ್ಣಿನ ದಿಬ್ಬ) ಕುಸಿದದ್ದು, ನೀರು ನುಗ್ಗಿದ್ದು ಅಂತ ಓಡುತ್ತಿರುತ್ತಾರೆ. ನಿಮ್ಮ ಹುಲ್ಲಿನ ಮಾತು ಕೇಳುವವರು ಯಾರು?

ನಾನು ಕಂಡುಕೊಂಡ ಲೆಕ್ಕ ತೋಟದವರದ್ದೇ. ಮಾರ್ಚ್, ಏಪ್ರಿಲ್ ಹೊತ್ತಿಗೆ ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬೀಳುತ್ತದಲ್ಲ, ಆ ವಾರವೇ ಅರ್ಜಿ ಬರೆಯಿರಿ. ಆಗ ಹೊಸ ಆರ್ಥಿಕ ವರ್ಷ ಶುರುವಾಗಿರುತ್ತದೆ ಅಥವಾ ಆಗುವುದರಲ್ಲಿರುತ್ತದೆ. ಮಳೆಗಾಲಕ್ಕೆ ಮುಂಚಿನ ಚರಂಡಿ ಕೆಲಸದ ಪಟ್ಟಿ ತಯಾರಾಗುವ ಸಮಯವೂ ಅದೇ. ನಿಮ್ಮ ಬೀದಿ ಆ ಪಟ್ಟಿಯಲ್ಲಿ ಸೇರಿದರೆ ಅರ್ಧ ಕೆಲಸ ಆದಂತೆ. ಇನ್ನೂ ಮುಂದೆ ಯೋಚಿಸುವವರಾದರೆ ಚಳಿಗಾಲದಲ್ಲಿ ನಡೆಯುವ ಬಜೆಟ್ ಪೂರ್ವಭಾವಿ ಸಭೆಗೆ ಹೋಗಿ. ಸಾರ್ವಜನಿಕರನ್ನು ಕರೆಯುತ್ತಾರೆ, ಹೋಗುವವರು ಬೆರಳೆಣಿಕೆ. ಅಲ್ಲಿ "ವಾರ್ಡಿಗೆ ವರ್ಷಕ್ಕೆ ಎರಡು ಸಲ ಕಾಡು ಕಡಿಸಲು ಹಣ ಇಡಿ" ಅಂತ ಒಂದೇ ಒಂದು ಮಾತು ಹೇಳಿ, ಬರೆದೂ ಕೊಡಿ.

ಎರಡು ಸಲ ಯಾಕೆ? ಮೇ ತಿಂಗಳಲ್ಲಿ ಒಂದು ಸಲ, ಚರಂಡಿ ತೆರೆದುಕೊಳ್ಳಲು. ಸೆಪ್ಟೆಂಬರ್ ಕೊನೆಗೆ ಇನ್ನೊಂದು ಸಲ, ಗಿಡಗಳು ಬೀಜ ಉದುರಿಸುವ ಮುಂಚೆ. ಮಡಿಕೇರಿಯಲ್ಲಿ ಈ ಎರಡನೆಯದಕ್ಕೆ ದಸರಾ ಒಂದು ನೆಪ. ದಶಮಂಟಪಗಳು ಸಾಗುವ ಬೀದಿ ಹೇಗೂ ಚೊಕ್ಕಟವಾಗುತ್ತದೆ. ಒಳಬೀದಿಯವರು ಅದೇ ವಾರ ಕೇಳಿದರೆ ಯಂತ್ರ ಅಲ್ಲೇ ಹತ್ತಿರದಲ್ಲಿರುತ್ತದೆ.

ಇನ್ನೊಂದು ಮಾತು. ಜಿಲ್ಲೆ ಒಂದೇ ಆದರೂ ಮಳೆ ಒಂದೇ ಅಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ. ಸುಮಾರು ಮೂವತ್ತು ಕಿಲೋಮೀಟರ್ ಆಚೆಯ ಕುಶಾಲನಗರದಲ್ಲಿ ಅದರ ಅರ್ಧವೂ ಇಲ್ಲ. ನಾನು ಕಂಡಂತೆ ಆ ಕಡೆ ಕಾಂಗ್ರೆಸ್ ಗಿಡದ ಕಾಟ ಜಾಸ್ತಿ, ಈ ಕಡೆ ಹುಲ್ಲು ಮತ್ತು ಬಳ್ಳಿಯದ್ದು. ಹಾಗಾಗಿ ಪಕ್ಕದ ಊರಿನವರ ಅರ್ಜಿಯನ್ನು ಹಾಗೇ ನಕಲು ಮಾಡಬೇಡಿ.

ಹೆಜ್ಜೆ ಮೂರು: ಅರ್ಜಿ ಬರೆಯುವುದು

ಎರಡನೇ ವರ್ಷ ನನ್ನ ಅರ್ಜಿಯನ್ನು ಓದಿದ ಗುಮಾಸ್ತರು ಒಬ್ಬರು ನಗುತ್ತಲೇ ಹೇಳಿದರು: "ಮೇಡಂ, ಬೀದಿ ಗಲೀಜು ಅಂತ ಬರೆದ್ರೆ ನಾವು ಯಾರನ್ನ ಎಲ್ಲಿಗೆ ಕಳಿಸೋದು? ಎಲ್ಲಿಂದ ಎಲ್ಲೀವರೆಗೆ ಅಂತ ಬರೀರಿ." ಎರಡು ವರ್ಷದಲ್ಲಿ ಸಿಕ್ಕಿದ ಅತ್ಯಂತ ಒಳ್ಳೆಯ ಸಲಹೆ ಅದು.

ಅಂದಿನಿಂದ ನಾನು ವಿದ್ಯುತ್ ಕಂಬದ ಸಂಖ್ಯೆ ಬರೆಯುತ್ತೇನೆ. ಪ್ರತಿ ಕಂಬದ ಮೇಲೂ ಬಣ್ಣದಲ್ಲಿ ಬರೆದಿರುತ್ತದೆ. ಈ ಕಂಬದಿಂದ ಆ ಕಂಬದವರೆಗೆ, ರಸ್ತೆಯ ಎಡಬದಿ, ಸುಮಾರು ಇಷ್ಟು ಅಡಿ. ಇಷ್ಟಿದ್ದರೆ ಹೊಸದಾಗಿ ಬಂದ ಮೇಸ್ತ್ರಿಗೂ ಜಾಗ ಸಿಗುತ್ತದೆ. ಕಂಬದ ಸಂಖ್ಯೆ ಅಳಿಸಿ ಹೋಗಿದ್ದರೆ ಅಂಗಡಿ, ದೇವಸ್ಥಾನ, ಮೋರಿ, ಏನಾದರೊಂದು ಗುರುತು ಹೇಳಿ. ಅರ್ಜಿ ಹೆಚ್ಚುಕಡಿಮೆ ಹೀಗಿರಲಿ:

ಇವರಿಗೆ,
ಮುಖ್ಯಾಧಿಕಾರಿಗಳು, (ಪುರಸಭೆಯ ಹೆಸರು)

ವಿಷಯ: ವಾರ್ಡ್ ಸಂಖ್ಯೆ __, __ ಬೀದಿಯಲ್ಲಿ ಕಾಡು ಕಡಿದು ಚರಂಡಿ ಹೂಳು ತೆಗೆಯುವ ಬಗ್ಗೆ.

ಮಾನ್ಯರೇ,
ಮೇಲಿನ ಬೀದಿಯಲ್ಲಿ ಕಂಬ ಸಂಖ್ಯೆ __ ರಿಂದ __ ರವರೆಗೆ, ಎಡಬದಿಯಲ್ಲಿ, ಸುಮಾರು __ ಅಡಿ ಉದ್ದಕ್ಕೆ ಗಿಡಗಂಟಿ ಬೆಳೆದು ಚರಂಡಿ ಮುಚ್ಚಿದೆ. ಶಾಲೆಗೆ ಹೋಗುವ ಮಕ್ಕಳು ರಸ್ತೆಯ ಮಧ್ಯೆ ನಡೆಯಬೇಕಾಗಿದೆ. ಕರ್ನಾಟಕ ಪುರಸಭೆಗಳ ಕಾಯ್ದೆ 1964ರ ಕಲಂ 87ರಂತೆ ಈ ಕೆಳಗಿನ ಕೆಲಸ ಮಾಡಿಸಿಕೊಡಬೇಕಾಗಿ ಕೋರುತ್ತೇವೆ.
1. ಮೇ 20ರ ಒಳಗೆ ಗಿಡಗಂಟಿ ಕಡಿದು ಚರಂಡಿ ಹೂಳು ತೆಗೆಯುವುದು.
2. ತೆಗೆದ ಹೂಳು ಮತ್ತು ಸೊಪ್ಪನ್ನು ಅಂದೇ ಸಾಗಿಸುವುದು.
3. ಆಸ್ತಿ ಸಂಖ್ಯೆ __ ಮತ್ತು __ ರ ನಡುವಿನ ಖಾಲಿ ನಿವೇಶನದ ಮಾಲೀಕರಿಗೆ ನೋಟಿಸು ನೀಡುವುದು.
4. ಬರೆಯ ಮೇಲಿನ ಗಿಡವನ್ನು ಬುಡ ಬಿಟ್ಟು ಸವರುವುದು, ಕೆರೆದು ತೆಗೆಯದಿರುವುದು.
ಫೋಟೋ ಲಗತ್ತಿಸಿದೆ. ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.

ಇಷ್ಟೇ. ಒಂದು ಪುಟ ದಾಟಬೇಡಿ. "ಅನೇಕ ವರ್ಷಗಳಿಂದ ನಿರ್ಲಕ್ಷ್ಯ" ಅನ್ನುವ ಪ್ಯಾರಾ ಬರೆಯಲು ಕೈ ತುರಿಸುತ್ತದೆ, ಗೊತ್ತು. ಬೇಡ. ಅದನ್ನು ಓದಿದ ಕೂಡಲೇ ಆಚೆಯವರು ಸಮಜಾಯಿಷಿ ಬರೆಯಲು ಕೂರುತ್ತಾರೆ. ನಿಮಗೆ ಬೇಕಾದ್ದು ಕೆಲಸ.

ಅರ್ಜಿಗೆ ಬೀದಿಯ ಏಳೆಂಟು ಮನೆಯವರ ಸಹಿ ಇರಲಿ. ಎರಡು ಪ್ರತಿ ಮಾಡಿ. ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಸೀಲು ಇಲ್ಲದ ಅರ್ಜಿ ಕೊಟ್ಟದ್ದೂ ಒಂದೇ, ಕೊಡದಿದ್ದದ್ದೂ ಒಂದೇ. ಆಮೇಲೆ ಆರೋಗ್ಯ ನಿರೀಕ್ಷಕರನ್ನು ಹುಡುಕಿ. ಬೀದಿಯ ಕಸ, ಕಳೆ, ಚರಂಡಿಯ ದಿನದ ಕೆಲಸ ಹಂಚುವವರು ಅವರು. ಮುಖ್ಯಾಧಿಕಾರಿಗೆ ಅರ್ಜಿ ಕೊಟ್ಟು ಮನೆಗೆ ಬಂದುಬಿಟ್ಟರೆ, ಅದು ನಿರೀಕ್ಷಕರ ಮೇಜಿಗೆ ಇಳಿಯಲು ಎಷ್ಟು ದಿನವೋ. ಒಂದು ಪ್ರತಿಯನ್ನು ವಾರ್ಡಿನ ಸದಸ್ಯರಿಗೂ ಕೊಡಿ. ಚುನಾಯಿತ ಮಂಡಳಿಯ ಅವಧಿ ಮುಗಿದಿದ್ದರೆ ಆಡಳಿತಾಧಿಕಾರಿ ಇರುತ್ತಾರೆ, ಅವರಿಗೆ ಕೊಡಿ.

ಹೆಜ್ಜೆ ನಾಲ್ಕು: ಕಡಿಯಲು ಬಂದ ದಿನ ನೀವು ಅಲ್ಲಿರಿ

ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಕಾಡು ಕಡಿಸಲು ಹೋಗಿ ಕೆಲಸ ಕೆಟ್ಟ ಬೀದಿಗಳನ್ನು ನಾನು ನೋಡಿದ್ದೇನೆ. ಅದರಲ್ಲಿ ಒಂದು ನಮ್ಮದೇ.

ನಮ್ಮ ಬೀದಿಯ ಮೇಲ್ಬದಿಯಲ್ಲಿ ಆಳೆತ್ತರದ ಬರೆ ಇದೆ. ಒಂದು ಮೇ ತಿಂಗಳು ನಾವು ನಾಲ್ಕೈದು ಮನೆಯವರು ದುಡ್ಡು ಹಾಕಿ ಜೆಸಿಬಿ ತರಿಸಿದೆವು. ಪಟ್ಟಣದವರನ್ನು ಕಾಯುವುದು ಯಾಕೆ ಅಂತ ಜಂಭ. ಜೆಸಿಬಿಯವನು ಬರೆಯನ್ನು ಬೋಳಿಸಿದ. ಕೆಂಪು ಮಣ್ಣು ಕಾಣುವಂತೆ, ಗೋಡೆ ಸಾರಿಸಿದ ಹಾಗೆ. ಎಷ್ಟು ಚೆಂದ ಕಾಣುತ್ತದೆ ಅಂತ ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆವು. ಜುಲೈ ಎರಡನೇ ವಾರ ಆ ಚೆಂದ ಎಲ್ಲ ರಸ್ತೆಗೆ ಬಂದು ಬಿತ್ತು. ಎರಡು ದಿನ ಕಾರು ಹೊರಗೆ ತೆಗೆಯಲಾಗಲಿಲ್ಲ. 2018ರ ಆಗಸ್ಟ್‌ನ ಭೂಕುಸಿತ ನೋಡಿದ ಜಿಲ್ಲೆಯಲ್ಲಿ ಇದ್ದುಕೊಂಡು ಇಷ್ಟು ತಿಳಿಯಲಿಲ್ಲವಾ ಅಂತ ಎದುರು ಮನೆಯ ಅಜ್ಜ ಬೈದದ್ದು ಸರಿಯಾಗಿಯೇ ಇತ್ತು.

ಬಯಲುಸೀಮೆಯಲ್ಲಿ ಕಳೆ ಅಂದರೆ ಬೇರು ಸಮೇತ ಕಿತ್ತು ಹಾಕುವುದು. ನಮ್ಮಲ್ಲಿ ಹಾಗಲ್ಲ. ಸಮತಟ್ಟಾದ ಜಾಗ ಮತ್ತು ಚರಂಡಿಯಲ್ಲಿ ಬೇರು ಸಮೇತ ತೆಗೆಯಿರಿ. ಬರೆಯ ಮೇಲೆ ನಾಲ್ಕು ಬೆರಳು, ಒಂದು ಗೇಣು ಬುಡ ಬಿಟ್ಟು ಸವರಿ. ಆ ಹುಲ್ಲಿನ ಬೇರೇ ಮಣ್ಣನ್ನು ಹಿಡಿದುಕೊಂಡಿರುವುದು. ಅರ್ಜಿಯಲ್ಲಿ ನಾಲ್ಕನೇ ಸಾಲು ಇರುವುದು ಇದಕ್ಕೇ. ಬಂದವರಿಗೆ ಬಾಯಲ್ಲೂ ಹೇಳಿ, ತೋರಿಸಿ.

ಇದೇ ಕಾರಣಕ್ಕೆ ಕಳೆನಾಶಕ ಹೊಡೆಯಲು ಬಂದರೆ ಬೇಡ ಅನ್ನಿ. ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ, ಅಗ್ಗ, ನಿಜ. ಆದರೆ ಬೇರು ಸತ್ತ ಬರೆ ಬೋಳು ಬರೆಯೇ. ಚರಂಡಿಗೆ ಬಿದ್ದ ಮದ್ದು ತೋಡಿಗೆ, ತೋಡಿನಿಂದ ಹೊಳೆಗೆ. ಕಾವೇರಿ ಹುಟ್ಟುವ ಜಿಲ್ಲೆಯಲ್ಲಿ ಕೂತು ನಾವೇ ಅದನ್ನು ಕಳಿಸಿಕೊಡುವುದು ಯಾಕೆ?

ಬ್ರಷ್ ಕಟರ್ ತರುತ್ತಾರೆ. ಒಳ್ಳೆಯ ಯಂತ್ರ, ಆದರೆ ಹುಲ್ಲಿನೊಳಗೆ ಏನಿದೆ ಅಂತ ಅದಕ್ಕೆ ಕಾಣುವುದಿಲ್ಲ. ಬಿಯರ್ ಬಾಟಲಿ ಇರುತ್ತದೆ, ಕಲ್ಲಿರುತ್ತದೆ, ತಂತಿ ಇರುತ್ತದೆ. ಬ್ಲೇಡಿಗೆ ಬಡಿದರೆ ಚೂರು ಎಲ್ಲಿಗೆ ಹಾರುತ್ತದೆ ಅಂತ ಹೇಳಲಾಗದು. ಹಾಗಾಗಿ ಕೆಲಸಕ್ಕೆ ಒಂದು ಕ್ರಮ ಇರಲಿ. ಹಿಂದಿನ ದಿನವೇ ಬೀದಿಯವರು ಸೇರಿ, ದಪ್ಪ ಕೈಗವಸು ಹಾಕಿ, ಉದ್ದ ಕೋಲಿನಿಂದ ಹುಲ್ಲು ಬಡಿದು ನೋಡುತ್ತಾ ಬಾಟಲಿ, ಪ್ಲಾಸ್ಟಿಕ್ ಹೆಕ್ಕಿ. ಕೋಲು ಹಾವಿಗಾಗಿ, ಶಬ್ದ ಆದರೆ ಅದು ಸರಿದು ಹೋಗುತ್ತದೆ. ಕಾರು, ಬೈಕು ಬೇರೆ ಕಡೆ ನಿಲ್ಲಿಸಿ. ಯಂತ್ರದವರು ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಹಾಕಿದ್ದಾರಾ ನೋಡಿ. ಇಲ್ಲದಿದ್ದರೆ ಕೇಳಿ, ಅವರ ಮೇಲಿನವರನ್ನು ಕೇಳಿ. ಜಿಗಣೆಗೆ ಸುಣ್ಣ, ಹೊಗೆಸೊಪ್ಪಿನ ನೀರು ಏನು ಬೇಕೋ ಅದು ಅವರಿಗೆ ಗೊತ್ತು. ಬಿಸಿ ಕಾಫಿ ಮಾತ್ರ ನೀವು ಕೊಡಬೇಕು.

ಹೂಳಿನ ವಿಚಾರದಲ್ಲಿ ಮಾತ್ರ ಹಟ ಹಿಡಿಯಿರಿ. ಚರಂಡಿಯಿಂದ ತೆಗೆದ ಹೂಳನ್ನು ಅಂಚಿನಲ್ಲೇ ಗುಡ್ಡೆ ಹಾಕಿ "ಒಣಗಲಿ, ನಾಳೆ ಟ್ರ್ಯಾಕ್ಟರ್ ಬರುತ್ತದೆ" ಅಂತ ಹೋಗುತ್ತಾರೆ. ನಾಳೆ ಮಳೆ ಬರುತ್ತದೆ. ಹೂಳು ಇದ್ದ ಜಾಗಕ್ಕೇ ವಾಪಸ್. ಬಿಲ್ಲು ಮಾತ್ರ ಪಾಸಾಗಿರುತ್ತದೆ.

ಎಲ್ಲ ಹಸಿರೂ ಕಳೆಯಲ್ಲ

ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಮೊದಲ ಶತ್ರು. ಒಂದು ಗಿಡ ಹದಿನೈದರಿಂದ ಇಪ್ಪತ್ತೈದು ಸಾವಿರ ಬೀಜ ಬಿಡುತ್ತದೆ. ಮೈಗೆ ತಾಗಿದರೆ ತುರಿಕೆ, ಕೆಲವರಿಗೆ ಉಬ್ಬಸ. ಬಿಳಿ ಹೂ ಬಿಡುವ ಮುಂಚೆ, ಮಣ್ಣು ಹಸಿ ಇದ್ದಾಗ, ಕೈಗವಸು ಹಾಕಿ ಬೇರು ಸಮೇತ ಕೀಳಬೇಕು. ಹೂ ಬಿಟ್ಟ ಮೇಲೆ ಬ್ರಷ್ ಕಟರ್ ಹೊಡೆಸಿದರೆ ಬೀಜ ಬಿತ್ತಿದ ಹಾಗೆ. ಅದರ ಎಲೆಯ ಮೇಲೆ ಕಪ್ಪು ಗೆರೆ ಇರುವ ಸಣ್ಣ ಜೀರುಂಡೆ ಕಂಡರೆ ಅದನ್ನು ಬಿಡಿ. ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟ ಜೀರುಂಡೆ ಅದು, ಮಳೆಗಾಲದಲ್ಲಿ ಈ ಗಿಡದ ಎಲೆ ತಿಂದು ಬೋಳು ಮಾಡುತ್ತದೆ. ಸಂಬಳ ಕೇಳದ ಕೆಲಸಗಾರ.

ಲಾಂಟಾನಾವನ್ನು ಬುಡ ಸಮೇತ ತೆಗೆಯದಿದ್ದರೆ ಮುಂದಿನ ವರ್ಷ ಎರಡರಷ್ಟು ಚಿಗುರುತ್ತದೆ. ಮುಟ್ಟಿದರೆ ಮುನಿ ಮಕ್ಕಳಿಗೆ ಆಟ, ಬರಿಗಾಲಿಗೆ ಕಾಟ.

ಆದರೆ ಬೇಲಿ ಬುಡದಲ್ಲಿ ಮದ್ದು ಸೊಪ್ಪು ಇದ್ದರೆ? ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಹದಿನೆಂಟನೇ ದಿನ ಅದನ್ನು ಹುಡುಕಿಕೊಂಡು ಊರೆಲ್ಲ ಅಲೆಯುವವರು ನಾವೇ. ಹೊರಗಿನಿಂದ ಕೆಲಸಕ್ಕೆ ಬಂದವರಿಗೆ ಅದೂ ಒಂದು ಗಿಡ. ಒಂದು ಕೋಲು ನೆಟ್ಟು ಬಟ್ಟೆ ಕಟ್ಟಿ ಗುರುತು ಮಾಡಿ. ಚರಂಡಿ ಬದಿಯ ಕೆಸು, ತೇವದಲ್ಲಿ ಬೆಳೆಯುವ ತೆರ್ಮೆ ಸೊಪ್ಪು (ಜರಿಗಿಡದ ಎಳೆ ಚಿಗುರು) ಇವೂ ಅಷ್ಟೇ. ಆದರೆ ಪಟ್ಟಣದ ಚರಂಡಿ ನೀರು ಕುಡಿದ ಕೆಸುವನ್ನು ಪತ್ರೊಡೆಗೆ ತರಬೇಡಿ, ಅದು ಬೇರೆ ವಿಷಯ.

ಮರದ ವಿಷಯಕ್ಕೆ ಹೋಗಲೇಬೇಡಿ. ಗಿಡಗಂಟಿ ಸವರುವುದು ಬೇರೆ, ಮರ ಕಡಿಯುವುದು ಬೇರೆ. ಅದಕ್ಕೆ 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಅರಣ್ಯ ಇಲಾಖೆಯ ಅನುಮತಿ ಬೇಕು. "ಹೇಗೂ ಬಂದಿದ್ದೀರಿ, ಈ ಕೊಂಬೆಯನ್ನೂ" ಅನ್ನುವ ಆಸೆ ಎಲ್ಲರಿಗೂ ಬರುತ್ತದೆ.

ಕಡಿದ ಸೊಪ್ಪು ಎಲ್ಲಿಗೆ?

ಬೆಂಕಿಗಲ್ಲ. ಬೀದಿಯಲ್ಲಿ, ಚರಂಡಿಯಲ್ಲಿ ಕಸ ಎಸೆಯುವುದು, ಸುಡುವುದು ಬೇಡ ಅಂತ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿವೆ. ನಿಮ್ಮ ಅಂಗಳದ ಎಲೆ, ಹುಲ್ಲನ್ನು ಬೇರೆಯಾಗಿ ಅಂಗಳದಲ್ಲೇ ಇಟ್ಟುಕೊಂಡು ಪಟ್ಟಣದವರು ಹೇಳಿದಂತೆ ವಿಲೇವಾರಿ ಮಾಡಬೇಕು ಅನ್ನುವುದೂ ಅದರಲ್ಲೇ ಇದೆ. ಜನವರಿಯಲ್ಲಿ ಸಿಲ್ವರ್ ಓಕ್ ಎಲೆ ಗುಡ್ಡೆ ಮಾಡಿ ಸಂಜೆ ಬೆಂಕಿ ಹಾಕುವುದು ನಮ್ಮ ಹಳೆಯ ಚಾಳಿ. ಚಳಿಗೆ ಸುಖವಾಗಿರುತ್ತದೆ, ಒಪ್ಪುತ್ತೇನೆ. ಪಕ್ಕದ ಮನೆಯ ಉಬ್ಬಸದವರನ್ನು ಕೇಳಿ ನೋಡಿ.

ಬೀಜ ಕಟ್ಟದ ಸೊಪ್ಪಾದರೆ ಹತ್ತಿರದ ತೋಟದವರು ಕಾಫಿ ಬುಡಕ್ಕೆ ಹಾಕಲು ಒಯ್ಯುತ್ತಾರೆ. ಸುಮ್ನೆ ಒಂದು ಫೋನು ಮಾಡಿದರೆ ಸಾಕು. ಮನೆಯಲ್ಲೇ ಗುಂಡಿ ಮಾಡುವುದಾದರೆ ಮಳೆಗಾಲದಲ್ಲಿ ಮೇಲೆ ಶೀಟು ಹೊದಿಸಿ, ಇಲ್ಲದಿದ್ದರೆ ಗೊಬ್ಬರ ಆಗುವುದಿಲ್ಲ, ಕೆಸರು ಆಗುತ್ತದೆ. ಹೂ ಬಿಟ್ಟ ಕಾಂಗ್ರೆಸ್ ಗಿಡವನ್ನು ಮಾತ್ರ ಗುಂಡಿಗೂ ಹಾಕಬೇಡಿ, ತೋಟಕ್ಕೂ ಕೊಡಬೇಡಿ. ಚೀಲದಲ್ಲಿ ಕಟ್ಟಿ ಪಟ್ಟಣದ ಗಾಡಿಯವರಿಗೆ ಹೇಳಿ ಕೊಡಿ.

ಉತ್ತರ ಬರದಿದ್ದರೆ

ಹದಿನೈದು ದಿನ ಕಾಯಿರಿ. ಆಮೇಲೆ ಸ್ವೀಕೃತಿ ಸಂಖ್ಯೆ ಹಾಕಿ ಅರ್ಧ ಪುಟದ ನೆನಪೋಲೆ ಕೊಡಿ. ಜೊತೆಗೆ 1902ಕ್ಕೆ ಫೋನು ಮಾಡಿ, ಅದು ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ. ಪೌರಾಡಳಿತದ್ದೇ ಜನಹಿತ ಅನ್ನುವ ಆ್ಯಪ್ ಕೂಡ ಇದೆ, ಫೋಟೋ ಸಮೇತ ದೂರು ಹಾಕಬಹುದು. ಕೆಲವು ಸಲ ಕೆಲಸ ಆಗದೆಯೇ "ಪರಿಹರಿಸಲಾಗಿದೆ" ಅಂತ ಮೆಸೇಜು ಬರುತ್ತದೆ. ಆ ಮೆಸೇಜಿನ ಸ್ಕ್ರೀನ್‌ಶಾಟ್ ಮತ್ತು ಅದೇ ದಿನದ ಬೀದಿಯ ಫೋಟೋ, ಎರಡನ್ನೂ ಇಟ್ಟುಕೊಳ್ಳಿ. ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಮುಂದಿನ ಮೆಟ್ಟಿಲು ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶ. ಪಟ್ಟಣಗಳ ಮೇಲ್ವಿಚಾರಣೆ ನೋಡುವ ಯೋಜನಾ ನಿರ್ದೇಶಕರು ಅಲ್ಲಿರುತ್ತಾರೆ.

ಹಣ ಇಲ್ಲ ಅಂತ ಹೇಳಿದರೆ ಮಾಹಿತಿ ಹಕ್ಕು ಅರ್ಜಿ ಹಾಕುವುದು ಒಳ್ಳೆಯದು. ಹತ್ತು ರೂಪಾಯಿ ಶುಲ್ಕ, ಪೋಸ್ಟಲ್ ಆರ್ಡರ್ ಸಾಕು. ಉತ್ತರಕ್ಕೆ ಮೂವತ್ತು ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ನೂರೈವತ್ತು ಪದದ ಒಳಗೆ. "ಯಾಕೆ ಮಾಡಿಲ್ಲ" ಅಂತ ಕೇಳಬೇಡಿ, ಯಾಕೆ ಅನ್ನುವುದಕ್ಕೆ ದಾಖಲೆ ಇರುವುದಿಲ್ಲ. ಕಳೆದ ಆರ್ಥಿಕ ವರ್ಷದಲ್ಲಿ ನಿಮ್ಮ ವಾರ್ಡಿನಲ್ಲಿ ಗಿಡಗಂಟಿ ತೆಗೆಯಲು, ಚರಂಡಿ ಹೂಳೆತ್ತಲು ಕೊಟ್ಟ ಕಾಮಗಾರಿ ಆದೇಶ, ಬಿಲ್ಲು ಮತ್ತು ಅಳತೆ ಪುಸ್ತಕದ ಪ್ರತಿ ಕೇಳಿ. ನಿಮ್ಮ ಬೀದಿಯಲ್ಲಿ ಈಗಾಗಲೇ ಎರಡು ಸಲ ಕಾಡು ಕಡಿದಾಗಿದೆ ಅಂತ ಕಾಗದ ಹೇಳಿದರೂ ಆಶ್ಚರ್ಯಪಡಬೇಡಿ.

ಹಣ ಇಲ್ಲ ಅನ್ನುವ ಮಾತಿಗೆ ಹಳೆಯ ಉತ್ತರ ಒಂದಿದೆ. ಮಧ್ಯಪ್ರದೇಶದ ರತ್ಲಾಮ್ ಪಟ್ಟಣದ ಒಂದು ವಾರ್ಡಿನ ಜನ ತೆರೆದ ಚರಂಡಿ, ಗಲೀಜು ತಾಳಲಾರದೆ ಮ್ಯಾಜಿಸ್ಟ್ರೇಟರ ಬಳಿ ಹೋದರು. ಪುರಸಭೆ ಹಣವಿಲ್ಲ ಅಂದಿತು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು, ಕಡ್ಡಾಯ ಕೆಲಸಕ್ಕೆ ಹಣದ ಕೊರತೆ ನೆಪವಾಗದು ಅಂತ ಹೇಳಿತು. ಆ ಜನ ಬಳಸಿದ್ದು ಆಗಿನ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 133. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 152 ಇದೆ. ನಮ್ಮಲ್ಲಿ ಅದಕ್ಕೆ ಉಪವಿಭಾಗಾಧಿಕಾರಿಗಳ ಮುಂದೆ ಹೋಗಬೇಕು. ಹುಲ್ಲಿಗೆ ಇಷ್ಟು ದೂರ ಹೋಗಬೇಕಾ ಅಂದರೆ, ಬರೀ ಹುಲ್ಲಿಗೆ ಬೇಡ. ಚರಂಡಿ ಕಟ್ಟಿ ಮನೆಯೊಳಗೆ ನೀರು ಬರುತ್ತಿದ್ದರೆ, ಖಾಲಿ ಸೈಟಿನ ಕಸ ಕೊಳೆತು ಮಕ್ಕಳಿಗೆ ಕಾಯಿಲೆ ಬರುತ್ತಿದ್ದರೆ, ಹೋಗಬೇಕು.

ನಮಗೆ ಅಷ್ಟು ದೂರ ಹೋಗುವ ಪ್ರಸಂಗ ಬರಲಿಲ್ಲ. ಕಂಬದ ಸಂಖ್ಯೆ ಬರೆದ ಅರ್ಜಿ ಏಪ್ರಿಲ್ ಮೊದಲ ವಾರ ಕೊಟ್ಟೆ. ಮೇ ಹನ್ನೊಂದಕ್ಕೆ ಆರು ಜನ ಬಂದರು. ಮಧ್ಯಾಹ್ನದ ಹೊತ್ತಿಗೆ ಚರಂಡಿಯ ತಳದ ಸಿಮೆಂಟು ಕಂಡಿತು, ಅಲ್ಲಿ ಸಿಮೆಂಟು ಇದೆ ಅಂತ ನನಗೆ ಅಂದೇ ಗೊತ್ತಾದದ್ದು. ಕೆಲಸ ಮುಗಿದ ಮೇಲೆ ಅದೇ ಕಂಬದ ಹತ್ತಿರ ನಿಂತು ಇನ್ನೊಂದು ಫೋಟೋ ತೆಗೆದೆ. ಕೆಲಸ ಆಗಿದೆ ಅಂತ ಆರೋಗ್ಯ ನಿರೀಕ್ಷಕರಿಗೆ ಎರಡು ಸಾಲು ಬರೆದು ಕೊಟ್ಟೆ, ಬಂದವರು ಚೆನ್ನಾಗಿ ಮಾಡಿದರು ಅಂತಲೂ ಸೇರಿಸಿದೆ. ನೀವೂ ಹಾಗೇ ಮಾಡಿ. ಅರ್ಜಿ, ಸೀಲು, ಎರಡು ಫೋಟೋ ಒಂದು ಕವರಿನಲ್ಲಿ ಹಾಕಿಡಿ. ಬರುವ ವರ್ಷ ಹೂಮಳೆ ಬಿದ್ದಾಗ ತಾರೀಖು ತಿದ್ದಿ, ಜೆರಾಕ್ಸ್ ಮಾಡಿಸಿದರೆ ಅರ್ಜಿ ರೆಡಿ.